ಅನ್ಯಜನರು ಬೇರೆ, ಸಮಾರ್ಯದವರು ಬೇರೆ: ಯೆರೂಸಲೇಮಿನಿಂದ ಹೋಲೋನ್‌ವರೆಗೆ ಆರು ದಿನ

ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಅನ್ಯಜನರ ಕಡೆಗೆ ಹೋಗಬೇಡಿ, ಸಮಾರ್ಯದವರ ಊರಿಗೂ ಹೋಗಬೇಡಿ, ಇಸ್ರಾಯೇಲಿನ ತಪ್ಪಿಹೋದ ಕುರಿಗಳ ಬಳಿಗೆ ಹೋಗಿ ಎನ್ನುತ್ತಾನೆ. ಒಂದೇ ಮಾತಿನಲ್ಲಿ ಮೂರು ಗುಂಪು. ಅನ್ಯಜನರೆಂದರೆ ಇಸ್ರಾಯೇಲಿಗೆ ಸೇರದ ಉಳಿದ ಜನಾಂಗಗಳು, ಸಮಾರ್ಯದವರೆಂದರೆ ಮೋಶೆಯ ಧರ್ಮಶಾಸ್ತ್ರವನ್ನು ಪಾಲಿಸುತ್ತಲೇ ಯೆರೂಸಲೇಮಿನ ಬದಲು ಗೆರಿಜ್ಜೀಮ್ ಬೆಟ್ಟವನ್ನು ಪವಿತ್ರವೆನ್ನುವವರು. ನಮ್ಮಲ್ಲಿ ಪ್ರಸಂಗಗಳಲ್ಲಿ, ಭಾನುವಾರದ ಪಾಠಗಳಲ್ಲಿ ಮೊದಲ ಎರಡನ್ನು ಕಲಸಿ 'ಯೆಹೂದ್ಯರಲ್ಲದವರು' ಎಂದು ಮುಗಿಸಿಬಿಡುವುದುಂಟು. ಹಾಗೆ ಕಲಸಿದರೆ ಬಾವಿಯ ಬಳಿ ಯೇಸುವಿನೊಡನೆ ಮಾತಾಡಿದ ಸಮಾರ್ಯದ ಹೆಂಗಸಿನ ಮಾತೂ ತಿಳಿಯುವುದಿಲ್ಲ, ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಶಿಷ್ಯ ಪೇತ್ರನಿಗಾದ ಮುಜುಗರವೂ ತಿಳಿಯುವುದಿಲ್ಲ. ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್‌ನ ಆ ಊರುಗಳನ್ನು ಆರು ದಿನ ಸಾಲಾಗಿ ನೋಡಬೇಕು.

ಭಾನುವಾರ ಆರಂಭಿಸಿದರೆ ಲೆಕ್ಕ ಸರಿಹೋಗುತ್ತದೆ, ಏಕೆಂದರೆ ಈ ದಾರಿಯಲ್ಲಿ ಶನಿವಾರ ಯೆಹೂದ್ಯರ ಊರೂ ಮುಚ್ಚಿರುತ್ತದೆ, ಸಮಾರ್ಯದವರ ಊರೂ ಮುಚ್ಚಿರುತ್ತದೆ. ಪಾಸ್‌ಪೋರ್ಟ್ ಮತ್ತು ಪ್ರವೇಶದ ಸಮಯದಲ್ಲಿ ಕೊಡುವ ಚಿಕ್ಕ ಚೀಟಿ ಸದಾ ಜೇಬಿನಲ್ಲಿರಲಿ, ಇವಿಲ್ಲದೆ ತಪಾಸಣಾ ಠಾಣೆ ದಾಟಲಾಗದು. ಇಸ್ರೇಲಿನಲ್ಲಿ ಬಾಡಿಗೆಗೆ ಪಡೆದ ಕಾರಿನ ವಿಮೆ ಸಾಮಾನ್ಯವಾಗಿ ಪ್ಯಾಲೆಸ್ಟೀನ್ ಆಡಳಿತದ ಪಟ್ಟಣಗಳಲ್ಲಿ ನಡೆಯುವುದಿಲ್ಲ. ಅಂಥ ಪಟ್ಟಣವಾದ ನಾಬ್ಲುಸ್‌ಗೆ ಬಸ್ಸು ಮತ್ತು ಹಂಚಿಕೆ ಟ್ಯಾಕ್ಸಿಯೇ ಸರಿ. ಆ ಭಾಗದ ಪರಿಸ್ಥಿತಿ ಒಂದೇ ಸಮನೆ ಇರುವುದಿಲ್ಲ, ಮೂರನೆಯ ದಿನದ ಹಿಂದಿನ ರಾತ್ರಿ ರಸ್ತೆ ತೆರೆದಿದೆಯೇ ಎಂದು ನಾಬ್ಲುಸ್‌ನ ವಸತಿಗೃಹಕ್ಕೇ ಫೋನ್ ಮಾಡಿ ಕೇಳಿಕೊಂಡು ಹೊರಡಬೇಕು.

ಮೊದಲ ದಿನ, ಭಾನುವಾರ: ಯೆರೂಸಲೇಮ್

ಇಸ್ರೇಲ್ ಮ್ಯೂಸಿಯಮ್ಮಿನ ಪುರಾತತ್ವ ವಿಭಾಗದಲ್ಲಿ ಒಡೆದ ಸುಣ್ಣಕಲ್ಲಿನ ತುಣುಕೊಂದಿದೆ. ಗ್ರೀಕ್ ಅಕ್ಷರಗಳು, ಕೊರೆದ ಗೆರೆಗಳಲ್ಲಿ ಕೆಂಪು ಬಣ್ಣದ ಉಳಿಕೆ. ಹಳೆಯ ಪಟ್ಟಣದ ಸಿಂಹದ್ವಾರದ ಹೊರಗೆ 1935ರಲ್ಲಿ ಸಿಕ್ಕಿದ್ದು. ಇದೇ ಬರಹದ ಪೂರ್ಣ ಕಲ್ಲು 1871ರಲ್ಲೇ ಸಿಕ್ಕಿತ್ತು. ಆಗ ಇಲ್ಲಿ ಆಟೊಮನ್ನರ ಆಳ್ವಿಕೆ ಇದ್ದುದರಿಂದ ಅದು ಇಸ್ತಾಂಬುಲ್ ಸೇರಿತು. ಅರಸ ಹೆರೋದನು ಕಟ್ಟಿಸಿದ ಯೆಹೂದ್ಯರ ದೇವಾಲಯದ ಹೊರ ಅಂಗಳ ಎಲ್ಲರಿಗೂ ತೆರೆದಿತ್ತು. ಒಳಗೆ ಸುತ್ತಲೂ ಒಂದು ತಡೆಗೋಡೆ. ಎತ್ತರ ಮೂರು ಮೊಳ ಎಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಅದರುದ್ದಕ್ಕೂ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಎಚ್ಚರಿಕೆ: ಪರಕುಲದವನು ಯಾವನೂ ಈ ಗೋಡೆ ದಾಟಬಾರದು, ಸಿಕ್ಕಿಬಿದ್ದರೆ ಅವನ ಸಾವಿಗೆ ಅವನೇ ಹೊಣೆ.

ಇಲ್ಲಿ ಬಳಸಿರುವ ಗ್ರೀಕ್ ಪದ 'ಅಲ್ಲೊಗೆನೆಸ್', ಬೇರೆ ಕುಲದಲ್ಲಿ ಹುಟ್ಟಿದವನು. ಈ ಪದವನ್ನು ಗುರುತುಹಾಕಿಕೊಳ್ಳಿ, ನಾಳೆ ಬೇಕಾಗುತ್ತದೆ.

'ಅನ್ಯಜನ' ಎಂಬ ಕನ್ನಡ ಬೈಬಲ್ಲಿನ ಪದದ ಹಿಂದೆ ಹೀಬ್ರೂವಿನ 'ಗೋಯ್' ಇದೆ. ಗೋಯ್ ಎಂದರೆ ಬರೀ ಜನಾಂಗ. ವಿಮೋಚನಕಾಂಡ 19:6ರಲ್ಲಿ ಇಸ್ರಾಯೇಲನ್ನೇ 'ಪರಿಶುದ್ಧ ಗೋಯ್' ಎಂದು ಕರೆದಿದೆ. ಬಹುವಚನ 'ಗೋಯಿಮ್' ಆದಾಗ ಉಳಿದ ಜನಾಂಗಗಳು ಎಂಬ ಅರ್ಥ ಗಟ್ಟಿಯಾಯಿತು, ಮುಂದೆ ಏಕವಚನಕ್ಕೂ ಅದೇ ಅರ್ಥ ಅಂಟಿತು. ಗ್ರೀಕಿನಲ್ಲಿ ಅದು 'ಎತ್ನೆ', ಲ್ಯಾಟಿನ್‌ನಲ್ಲಿ 'ಜೆಂಟೆಸ್', ಅಲ್ಲಿಂದಲೇ ಇಂಗ್ಲಿಷಿನ 'ಜೆಂಟೈಲ್'. ಈ ಪದ ನಮ್ಮ ನೆಲಕ್ಕೂ ಬಂದಿದೆ: ವಿಜಯನಗರ ಕಂಡ ಪೋರ್ಚುಗೀಸರಾದ ಪಾಯೆಸ್, ನೂನಿಜ್ ಇಲ್ಲಿನ ಹಿಂದೂಗಳನ್ನು 'ಜೆಂತಿಯೊ' ಎಂದೇ ಬರೆದರು. ಅದೇ ಪದ ಇಂಗ್ಲಿಷರ ಬಾಯಲ್ಲಿ 'ಜೆಂಟೂ' ಆಗಿ, ಮದರಾಸಿನ ಕಡೆ ತೆಲುಗು ಭಾಷೆಗೂ ಹೆಸರಾಯಿತು. ಹಂಪಿಯ ಜನ ತಮ್ಮನ್ನು ತಾವು ಎಂದೂ ಹಾಗೆ ಕರೆದುಕೊಂಡಿರಲಿಲ್ಲ. ಈ ಪದದ ಗುಣವೇ ಅದು. ಅನ್ಯಜನರಿಗೆ ಒಂದು ಭಾಷೆಯಿಲ್ಲ, ಒಂದು ಊರಿಲ್ಲ, ಒಬ್ಬ ಮೂಲಪುರುಷನಿಲ್ಲ. ರೋಮಿನವನೂ ಸೈ, ಐಗುಪ್ತದವನೂ ಸೈ, ಹಂಪಿಯವನೂ ಸೈ. ಗೋಡೆಯ ಒಳಗಿರುವವನು ಹೊರಗಿರುವವನಿಗೆ ಇಟ್ಟ ಹೆಸರು ಇದು. ಮತಾಂತರಗೊಂಡು ಸುನ್ನತಿ ಮಾಡಿಸಿಕೊಂಡರೆ ಹೆಸರು ಕಳಚಿಬೀಳುತ್ತದೆ.

ಸಂಜೆ ಪಶ್ಚಿಮ ಗೋಡೆಯ ಬಳಿ ನಿಂತು, ಆ ತಡೆಗೋಡೆ ಮೇಲಿನ ವಿಶಾಲ ಜಗಲಿಯಲ್ಲಿತ್ತು ಎಂದು ನೆನೆಯಬಹುದು. ಅಪೊಸ್ತಲ ಪೌಲನು ಅನ್ಯಜನನಾದ ಎಫೆಸದ ತ್ರೊಫಿಮನನ್ನು ಇದರೊಳಗೆ ಕರೆತಂದನೆಂಬ ಗುಮಾನಿಯಿಂದಲೇ ದೊಂಬಿ ಎದ್ದದ್ದು. ಸಮಾರ್ಯದವರ ಸಂಗತಿ ಇಲ್ಲಿ ಬೇರೆಯೇ. ಕೊಪೋನಿಯಸ್ ರೋಮಿನ ಅಧಿಪತಿಯಾಗಿದ್ದಾಗ, ಐಗುಪ್ತದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದ ರಾತ್ರಿ, ಸಮಾರ್ಯದವರು ಕೆಲವರು ಒಳನುಗ್ಗಿ ದೇವಾಲಯದಲ್ಲಿ ಮನುಷ್ಯರ ಎಲುಬು ಚೆಲ್ಲಿದರೆಂದು ಜೋಸೆಫಸ್ ಹೇಳುತ್ತಾನೆ. ಎಲುಬು ತಗುಲಿದರೆ ಮೈಲಿಗೆ ಎಂಬ ಮೋಶೆಯ ನಿಯಮ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಅವಮಾನ ಅದು. ದಾಯಾದಿಗಳ ಜಗಳದ ವಾಸನೆ ಅದರಲ್ಲಿದೆ.

ಎರಡನೆಯ ದಿನ, ಸೋಮವಾರ: ಯೆರಿಕೋ ದಾರಿ

ಯೆರೂಸಲೇಮಿನಿಂದ ಪೂರ್ವಕ್ಕೆ ಇಳಿಜಾರು. ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲಿನಿಂದ ಹೊರಟ ರಸ್ತೆ ಯೆರಿಕೋ ಮುಟ್ಟುವಾಗ ಸಮುದ್ರಮಟ್ಟಕ್ಕಿಂತ 250 ಮೀಟರ್ ಕೆಳಗಿರುತ್ತದೆ. ನಡುವೆ, 1ನೇ ಹೆದ್ದಾರಿಯ ಪಕ್ಕದಲ್ಲೇ, ಒಳ್ಳೆಯ ಸಮಾರ್ಯದವನ ಛತ್ರವೆಂದು ಪರಂಪರೆ ಗುರುತಿಸಿದ ಜಾಗದಲ್ಲಿ 2009ರಲ್ಲಿ ತೆರೆದ ಮೊಸಾಯಿಕ್ ವಸ್ತುಸಂಗ್ರಹಾಲಯವಿದೆ. ನೀರು, ಟೋಪಿ ಎರಡೂ ಬೇಕು. ಬಸ್ಸುಗಳು ಕೇಳಿದ ಕಡೆ ನಿಲ್ಲುವುದಿಲ್ಲ, ಕಾಯಲು ಒಪ್ಪುವ ಟ್ಯಾಕ್ಸಿ ಗೊತ್ತುಮಾಡಿಕೊಳ್ಳುವುದು ಜಾಣತನ.

ಯೆಹೂದ್ಯರ, ಸಮಾರ್ಯದವರ, ಕ್ರೈಸ್ತರ ಪ್ರಾರ್ಥನಾ ಮಂದಿರಗಳಿಂದ ಎತ್ತಿ ತಂದ ನೆಲಹಾಸುಗಳು ಇಲ್ಲಿವೆ. ಆ ಕಾಲದ ಯೆಹೂದ್ಯರ ಕೆಲವು ಸಭಾಮಂದಿರಗಳ ನೆಲದಲ್ಲಿ ರಾಶಿಚಕ್ರ, ಮನುಷ್ಯರು, ಪ್ರಾಣಿಗಳು ಇದ್ದದ್ದುಂಟು. ಸಮಾರ್ಯದವರ ನೆಲದಲ್ಲಿ ದೀಪಸ್ತಂಭ, ರೊಟ್ಟಿಯ ಮೇಜು, ಪವಿತ್ರಸ್ಥಾನದ ಬಾಗಿಲು ಇರುತ್ತವೆ, ಜೀವವಿರುವ ಯಾವ ಆಕಾರವೂ ಇರುವುದಿಲ್ಲ. ವಿಗ್ರಹ ನಿಷೇಧವನ್ನು ಇಷ್ಟು ಬಿಗಿಯಾಗಿ ಹಿಡಿದವರನ್ನು ವಿಗ್ರಹಾರಾಧಕ ಅನ್ಯಜನರ ಸಾಲಿಗೆ ಹೇಗೆ ಸೇರಿಸುವುದು?

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮ್ಯದ ಕಥೆಯನ್ನು ಇಲ್ಲಿ ಮತ್ತೆ ಓದಬೇಕು: ಕಳ್ಳರ ಹೊಡೆತಕ್ಕೆ ಸಿಕ್ಕಿ ಈ ದಾರಿಯಲ್ಲಿ ಬಿದ್ದವನನ್ನು ಇಬ್ಬರು ನೋಡಿಯೂ ದಾಟಿಹೋದರು, ಮೂರನೆಯವನು ಎತ್ತಿ ಉಪಚರಿಸಿದ. ಯಾಜಕ ಬಂದ, ದೇವಾಲಯದ ಸೇವೆಯ ಕುಲದವನಾದ ಲೇವಿಯ ಬಂದ. ಆ ಕಾಲದ ಕೇಳುಗನ ಕಿವಿ ಮೂರನೆಯವನಾಗಿ 'ಇಸ್ರಾಯೇಲ'ನನ್ನು ನಿರೀಕ್ಷಿಸುತ್ತದೆ. ಯಾಜಕ, ಲೇವಿಯ, ಇಸ್ರಾಯೇಲ ಎಂಬುದು ಅವರ ರೂಢಿಯ ಮೂರು ವರ್ಗ. ಆ ಮೂರನೆಯ ಮಣೆಯ ಮೇಲೆ ಯೇಸು ಸಮಾರ್ಯದವನನ್ನು ಕೂರಿಸುತ್ತಾನೆ. ರೋಮಿನ ಸೈನಿಕನನ್ನು ಕೂರಿಸಿದ್ದರೆ 'ಹೊರಗಿನವನೂ ದಯೆ ತೋರಿದ' ಎಂಬ ಸುಲಭದ ಕಥೆಯಾಗುತ್ತಿತ್ತು. ಸಮಾರ್ಯದವನು ಅದೇ ಧರ್ಮಶಾಸ್ತ್ರ ಓದುವವನು, 'ನಿನ್ನ ನೆರೆಯವನನ್ನು ಪ್ರೀತಿಸು' ಎಂಬ ಆಜ್ಞೆಗೆ ತಾನೂ ಬದ್ಧನೆನ್ನುವವನು. ಅದೇ ಲೂಕನ 17ನೇ ಅಧ್ಯಾಯದಲ್ಲಿ, ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂತಿರುಗಿ ಬಂದ ಸಮಾರ್ಯದವನಿಗೆ ಯೇಸು ಹೇಳುವ ಪದ 'ಅಲ್ಲೊಗೆನೆಸ್', ನಿನ್ನೆಯ ಕಲ್ಲಿನ ಮೇಲಿದ್ದ ಪದ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಅಲ್ಲೊಂದೇ ಕಡೆ. ಯೆರೂಸಲೇಮಿನ ಕಣ್ಣಿನಲ್ಲಿ ಸಮಾರ್ಯದವನು ಗೋಡೆಯ ಆಚೆಗೆ ಜಾರಬಲ್ಲವನಾಗಿದ್ದ ಎಂಬುದಕ್ಕೆ ಇದು ಸಾಕ್ಷಿ. ಗೊಂದಲ ಇಂದಿನದಲ್ಲ, ಆಗಲೂ ಇತ್ತು.

ಅಂದಹಾಗೆ, ರಸ್ತೆ ಅಪಘಾತದಲ್ಲಿ ನೆರವಾದವರನ್ನು ಪೊಲೀಸು-ಕೋರ್ಟು ಅಲೆದಾಟದಿಂದ ಕಾಪಾಡಲು 'ಗುಡ್ ಸಮಾರಿಟನ್' ಹೆಸರಿನ ಕಾಯ್ದೆಯನ್ನು ನಮ್ಮ ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹೆಸರು ಇಷ್ಟು ದೂರ ಬಂದಿದೆ, ಆ ಹೆಸರಿನ ಜನ ಇಂದಿಗೂ ಬದುಕಿದ್ದಾರೆ ಎಂಬುದು ಮಾತ್ರ ಅನೇಕರಿಗೆ ಗೊತ್ತಿಲ್ಲ.

ಮೂರನೆಯ ದಿನ, ಮಂಗಳವಾರ: ನಾಬ್ಲುಸ್, ಯಾಕೋಬನ ಬಾವಿ

ಯೆರೂಸಲೇಮಿನ ದಮಸ್ಕ ದ್ವಾರದ ಬಳಿಯಿಂದ ರಮಲ್ಲಾಗೆ ಬಸ್ಸು, ರಮಲ್ಲಾದಿಂದ ನಾಬ್ಲುಸ್‌ಗೆ ಹಂಚಿಕೆ ಟ್ಯಾಕ್ಸಿ. ಟ್ಯಾಕ್ಸಿ ತುಂಬಿದ ಮೇಲೆಯೇ ಹೊರಡುತ್ತದೆ, ಬೆಳಿಗ್ಗೆ ಬೇಗ ತುಂಬುತ್ತದೆ. ದೂರ ಹೆಚ್ಚೇನಿಲ್ಲ, ಆದರೆ ಠಾಣೆಗಳಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದು. ಅರ್ಧ ದಿನವನ್ನು ಪ್ರಯಾಣಕ್ಕೇ ಬಿಟ್ಟುಬಿಡಿ.

ಬಾವಿ ಊರಿನ ಪೂರ್ವ ಅಂಚಿನಲ್ಲಿ, ಬಲಾಟಾದಲ್ಲಿ, ಗ್ರೀಕ್ ಆರ್ಥೊಡಾಕ್ಸ್ ಮಠದ ಚರ್ಚಿನ ನೆಲಮಾಳಿಗೆಯಲ್ಲಿದೆ. ಮಧ್ಯಾಹ್ನ ಬಾಗಿಲು ಹಾಕುವ ರೂಢಿ ಇರುವುದರಿಂದ ಅದಕ್ಕೆ ಮೊದಲೇ ತಲುಪುವುದು ಒಳ್ಳೆಯದು. ಮೆಟ್ಟಿಲಿಳಿದರೆ ಕಲ್ಲಿನ ಕಟ್ಟೆ, ರಾಟೆ, ಬಕೆಟ್ಟು. ಆಳ ನಲವತ್ತು ಮೀಟರಿನಷ್ಟು. ಒಂದು ಲೋಟ ನೀರು ಸುರಿದರೆ ಸದ್ದು ಕೇಳಲು ಕಾಯಬೇಕು. 'ಸೇದುವುದಕ್ಕೆ ನಿನಗೇನೂ ಇಲ್ಲ, ಬಾವಿ ಆಳವಾಗಿದೆ' ಎಂದು ಆ ಹೆಂಗಸು ಅಂದದ್ದು ಕಣ್ಣಾರೆ ಕಂಡ ಮಾತು.

ಯೋಹಾನ 4ರಲ್ಲಿ ಅವಳ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿ. 'ನಮ್ಮ ತಂದೆ ಯಾಕೋಬ' ಎನ್ನುತ್ತಾಳೆ. 'ನಮ್ಮ ಪಿತೃಗಳು ಈ ಬೆಟ್ಟದಲ್ಲಿ ಆರಾಧಿಸಿದರು' ಎನ್ನುತ್ತಾಳೆ. ಮೆಸ್ಸೀಯನು ಬರುತ್ತಾನೆ ಎಂದೂ ಗೊತ್ತು. ಇದರ ಪಕ್ಕದಲ್ಲಿ ಮತ್ತಾಯ 15ರ ಕಾನಾನ್ಯ ಹೆಂಗಸನ್ನು ಇಟ್ಟು ನೋಡಬೇಕು. ಅವಳು ನಿಜವಾದ ಅನ್ಯಜನ. 'ದಾವೀದನ ಕುಮಾರನೇ' ಎಂದು ಬೇಡಿಕೊಳ್ಳುತ್ತಾಳೆ, ಮಕ್ಕಳ ಮೇಜಿನಿಂದ ಬಿದ್ದ ತುಣುಕು ಸಾಕೆನ್ನುತ್ತಾಳೆ, ಯಾಕೋಬ ನಮ್ಮವನು ಎನ್ನುವುದಿಲ್ಲ. ಬಾವಿಯ ಹೆಂಗಸು ಬೇಡುವುದಿಲ್ಲ, ವಾದಿಸುತ್ತಾಳೆ. ಆಸ್ತಿಯ ಪಾಲುದಾರಳ ದನಿ ಅವಳದು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇಲ್ಲ ಎಂಬ ಮಾತು ಅಲ್ಲೇ ಬರುತ್ತದೆ. ಹೊಕ್ಕುಬಳಕೆ ಮುರಿಯುವುದು ನೆಂಟರ ನಡುವೆ.

ಪಕ್ಕದ ತೆಲ್ ಬಲಾಟಾ ಹಳೆಯ ಶೆಕೆಮ್. 1913ರಿಂದ ಅಗೆದ ದಿಬ್ಬ, ದೊಡ್ಡ ಬಂಡೆಗಳ ಕೋಟೆಗೋಡೆ, ದೇವಾಲಯದ ಅಡಿಪಾಯ. ಒಂದು ಗಂಟೆ ಸಾಕು. ಯೋಸೇಫನ ಸಮಾಧಿ ಹತ್ತಿರದಲ್ಲೇ ಇದೆ, ಆದರೆ ಅದು ಮೇಲಿಂದ ಮೇಲೆ ಘರ್ಷಣೆ ನಡೆಯುವ ಜಾಗ, ಬಿಟ್ಟುಬಿಡುವುದೇ ಸರಿ. ರಾತ್ರಿ ನಾಬ್ಲುಸ್‌ನಲ್ಲೇ ಉಳಿದು ಗಿಣ್ಣಿನ ಮೇಲೆ ಸಕ್ಕರೆ ಪಾಕ ಹೊಯ್ದ ಬಿಸಿ ಕುನಾಫಾ ತಿನ್ನದೆ ಮಲಗಬಾರದು.

ನಾಲ್ಕನೆಯ ದಿನ, ಬುಧವಾರ: ಗೆರಿಜ್ಜೀಮ್ ಬೆಟ್ಟ

ಇಡೀ ದಿನ ಇಲ್ಲಿಗೇ. ಬೆಟ್ಟದ ಎತ್ತರ 881 ಮೀಟರ್, ಎದುರಿಗಿರುವ ಏಬಾಲ್ ಅದಕ್ಕಿಂತ ಎತ್ತರ, ನಡುವಿನ ಕಣಿವೆಯಲ್ಲಿ ನಾಬ್ಲುಸ್. ಪಟ್ಟಣದಿಂದ ಟ್ಯಾಕ್ಸಿ ಹತ್ತಿದರೆ ಕಾಲು ಗಂಟೆಯಲ್ಲಿ ಠಾಣೆ, ಅದರಾಚೆ ಕಿರ್ಯತ್ ಲೂಜಾ. 1980ರ ದಶಕದ ಕೊನೆಯ ಗಲಭೆಗಳ ನಂತರ ನಾಬ್ಲುಸ್‌ನ ಸಮಾರ್ಯ ಕುಟುಂಬಗಳು ಇಲ್ಲಿಗೆ ಏರಿ ಬಂದವು. ಜಗತ್ತಿನಲ್ಲಿರುವ ಸಮಾರ್ಯದವರು 800ಕ್ಕೆ ಸ್ವಲ್ಪ ಮೇಲೆ, ಅರ್ಧದಷ್ಟು ಮಂದಿ ಇಲ್ಲಿ, ಉಳಿದವರು ಟೆಲ್ ಅವೀವ್ ಬಳಿಯ ಹೋಲೋನ್‌ನಲ್ಲಿ. 1917ರ ಹೊತ್ತಿಗೆ ಒಟ್ಟು 146 ಮಂದಿ ಮಾತ್ರ ಉಳಿದಿದ್ದರು. ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅನ್ಯಜನರನ್ನು ಎಣಿಸಲು ಸಾಧ್ಯವೇ? ಸಮಾರ್ಯದವರನ್ನು ತಲೆ ಲೆಕ್ಕದಲ್ಲಿ ಎಣಿಸಬಹುದು. ಮನೆತನಗಳ ಹೆಸರು ಗೊತ್ತು, ಯಾಜಕ ವಂಶದ ಸರಪಳಿ ಗೊತ್ತು.

ತಮ್ಮನ್ನು ಅವರು 'ಶಾಮೆರಿಮ್' ಎನ್ನುತ್ತಾರೆ, ಕಾಯ್ದುಕೊಂಡವರು ಎಂದರ್ಥ. ಪಟ್ಟಣದ ಹೆಸರಿನಿಂದ ಬಂದ 'ಶೋಮ್ರೊನಿಮ್' ಎಂಬುದನ್ನು ಒಪ್ಪುವುದಿಲ್ಲ. ಎಫ್ರಾಯೀಮ್, ಮನಸ್ಸೆ, ಲೇವಿ ಕುಲದ ಇಸ್ರಾಯೇಲರೇ ನಾವು, ಯಾಜಕ ಏಲಿಯು ಆರಾಧನೆಯನ್ನು ಶೀಲೋವಿಗೆ ಒಯ್ದಾಗ ದಾರಿ ತಪ್ಪಿದವರು ಇನ್ನೊಂದು ಕಡೆಯವರು ಎಂಬುದು ಅವರ ಚರಿತ್ರೆ. ಯೆಹೂದ್ಯರ ಚರಿತ್ರೆ 2 ಅರಸುಗಳು 17ರಲ್ಲಿದೆ: ಅಸ್ಸೂರಿನ ಅರಸ ಇಸ್ರಾಯೇಲರನ್ನು ಗಡೀಪಾರು ಮಾಡಿ ಬಾಬೆಲ್, ಕೂತಾ, ಹಮಾತ್ ಮುಂತಾದ ಕಡೆಯವರನ್ನು ತಂದು ನೆಲೆಯೂರಿಸಿದ, ಸಿಂಹಗಳಿಗೆ ಹೆದರಿ ಅವರು ಯೆಹೋವನನ್ನು ಪೂಜಿಸಲು ಕಲಿತರು. ಆ ಕೂತಾದಿಂದಲೇ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು, ಇವರಿಗೆ 'ಕೂತಿಮ್' ಎಂದು ಹೆಸರಿಟ್ಟರು. ಈ ಕಥೆಯ ಪ್ರಕಾರ ಸಮಾರ್ಯದವರು ಮೂಲದಲ್ಲಿ ಅನ್ಯಜನರು. ಜಗಳದ ಬೇರು ಇಲ್ಲಿದೆ. ಆದರೆ ಎರಡನೆಯ ಸಾರ್ಗೋನನ ಸ್ವಂತ ಶಾಸನವೇ ಗಡೀಪಾರಾದವರು 27,290 ಮಂದಿ ಎನ್ನುತ್ತದೆ, ನಾಡು ಪೂರ್ತಿ ಬರಿದಾಗುವಷ್ಟು ಅಲ್ಲ. 2004ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಸಮಾರ್ಯ ಗಂಡಸರ ಪಿತೃರೇಖೆ ಯೆಹೂದ್ಯ ಯಾಜಕ ವಂಶದ ರೇಖೆಗೆ ಹತ್ತಿರವಿರುವುದನ್ನು ಕಂಡಿತು. ಅನ್ಯರ ಬೆರಕೆ ಏನೂ ಆಗಿಲ್ಲವೆಂದಲ್ಲ, ಆದರೆ 'ಬೆರಕೆ ಜನ' ಎಂದು ಒಂದೇ ಮಾತಿನಲ್ಲಿ ತಳ್ಳುವುದು ಎದುರಾಳಿಯ ಹೇಳಿಕೆಯನ್ನೇ ತೀರ್ಪು ಮಾಡಿಕೊಂಡಂತೆ.

ಊರಿನ ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ಧರ್ಮಶಾಸ್ತ್ರದ ಸುರುಳಿ ನೋಡುವಾಗ ಲಿಪಿ ಗಮನಿಸಿ. ಇಂದಿನ ಹೀಬ್ರೂವಿನ ಚೌಕಾಕಾರದ ಅಕ್ಷರಗಳಲ್ಲ, ಅದಕ್ಕೂ ಹಳೆಯ ಹೀಬ್ರೂ ಲಿಪಿಯ ಸಂತತಿ. ಇವರಿಗೆ ಮೋಶೆಯ ಐದು ಗ್ರಂಥಗಳಷ್ಟೇ ಶಾಸ್ತ್ರ. ಪ್ರವಾದಿಗಳ ಗ್ರಂಥವಿಲ್ಲ, ಕೀರ್ತನೆಗಳಿಲ್ಲ. ಯೆಹೂದ್ಯರ ಪಾಠಕ್ಕೂ ಇವರ ಪಾಠಕ್ಕೂ ಸುಮಾರು 6000 ವ್ಯತ್ಯಾಸ, ಬಹುಪಾಲು ಬರೀ ಕಾಗುಣಿತದ್ದು. ತೂಕವಿರುವ ವ್ಯತ್ಯಾಸಗಳು ಕೆಲವೇ. ಧರ್ಮೋಪದೇಶಕಾಂಡ 27:4ರಲ್ಲಿ ಯಜ್ಞವೇದಿ ಕಟ್ಟಬೇಕಾದ ಬೆಟ್ಟ ಅವರಲ್ಲಿ ಏಬಾಲ್, ಇವರಲ್ಲಿ ಗೆರಿಜ್ಜೀಮ್. ಯೆಹೋವನು 'ಆರಿಸಿಕೊಳ್ಳುವ' ಸ್ಥಳ ಎಂದು ಅಲ್ಲಿ, 'ಆರಿಸಿಕೊಂಡ' ಸ್ಥಳ ಎಂದು ಇಲ್ಲಿ. ಕ್ರಿಯಾಪದದ ಒಂದು ಕಾಲಭೇದದಲ್ಲಿ ಎರಡು ಜನಾಂಗಗಳ ಹಣೆಬರಹ ಕೂತಿದೆ.

ಶಿಖರದ ಉತ್ಖನನ 1982ರಲ್ಲಿ ಆರಂಭವಾಯಿತು. ಪರ್ಷಿಯನ್ನರ ಕಾಲದಲ್ಲೇ, ಕ್ರಿ.ಪೂ. 5ನೇ ಶತಮಾನದಲ್ಲಿ, ಇಲ್ಲಿ ಪವಿತ್ರಸ್ಥಾನವಿತ್ತೆಂದು ಅದು ತೋರಿಸಿತು. ಯೆಹೂದ್ಯರ ಮಹಾಯಾಜಕನೂ ಆಡಳಿತಗಾರನೂ ಆಗಿದ್ದ ಯೋಹಾನ ಹಿರ್ಕಾನಸ್ ಕ್ರಿ.ಪೂ. 111ರ ಆಸುಪಾಸಿನಲ್ಲಿ ಅದನ್ನು ನಾಶಮಾಡಿದ. 484ರಲ್ಲಿ ಚಕ್ರವರ್ತಿ ಜೆನೊ ಅದೇ ಜಾಗದಲ್ಲಿ ಮರಿಯಮ್ಮನ ಎಂಟು ಮೂಲೆಯ ಚರ್ಚು ಕಟ್ಟಿಸಿದ, ಅದರ ಅಡಿಪಾಯ ಇಂದಿಗೂ ಸ್ಪಷ್ಟ. ಗಾಳಿ ಜೋರು, ಬೇಸಿಗೆಯಲ್ಲೂ ತೆಳುವಾದ ಮೇಲಂಗಿ ಬೇಕು. ಇಲ್ಲಿ ನಿಂತು ನೆನೆಯಬೇಕಾದದ್ದು ದೂರದ ಏಜಿಯನ್ ದ್ವೀಪ ಡೆಲೋಸ್. ಅಲ್ಲಿ 1979ರಲ್ಲಿ ಸಿಕ್ಕ ಎರಡು ಗ್ರೀಕ್ ಶಾಸನಗಳಲ್ಲಿ, ಪವಿತ್ರ ಅರ್ಗರಿಜೀನಿಗೆ, ಅಂದರೆ ಗೆರಿಜ್ಜೀಮ್ ಬೆಟ್ಟಕ್ಕೆ, ಕಾಣಿಕೆ ಕಳಿಸುವವರು ತಮ್ಮನ್ನು 'ಡೆಲೋಸ್‌ನ ಇಸ್ರಾಯೇಲರು' ಎಂದು ಕರೆದುಕೊಂಡಿದ್ದಾರೆ. ಸಮಾರ್ಯದವರು ಎಂದಲ್ಲ.

ಪಸ್ಕದ ಬಲಿ ನಡೆಯುವ ಅಂಗಳ ಊರೊಳಗೇ ಇದೆ. ಆ ದಿನಕ್ಕೇ ಬರಬೇಕೆನ್ನುವವರು ಮಾಡುವ ದೊಡ್ಡ ತಪ್ಪು ಯೆಹೂದ್ಯರ ಪಂಚಾಂಗ ನೋಡಿ ಟಿಕೆಟ್ ಕೊಳ್ಳುವುದು. ಸಮಾರ್ಯದವರ ಪಂಚಾಂಗವನ್ನು ಯಾಜಕ ಮನೆತನ ಲೆಕ್ಕಹಾಕಿ ವರ್ಷಕ್ಕೆರಡು ಬಾರಿ ಹಂಚುತ್ತದೆ, ಕೆಲವು ವರ್ಷ ಒಂದು ತಿಂಗಳೇ ಆಚೀಚೆಯಾಗುತ್ತದೆ. ಮೊದಲ ತಿಂಗಳ 14ರ ಸಂಜೆ, ಬಿಳಿಯುಟ್ಟ ಗಂಡಸರು ಸೇರಿ, ವಿಮೋಚನಕಾಂಡದ 12ನೇ ಅಧ್ಯಾಯದ ಓದಿನ ನಡುವೆ, ಸೂರ್ಯ ಮುಳುಗುವಾಗ ಟಗರುಗಳನ್ನು ಕೊಯ್ಯುತ್ತಾರೆ. ಕುದಿನೀರು ಹೊಯ್ದು ಉಣ್ಣೆ ಕೀಳುವುದು, ಕರುಳು ತೆಗೆಯುವುದು, ಉಪ್ಪು ಹಚ್ಚಿ ಉದ್ದನೆಯ ಮರದ ಕೋಲಿಗೆ ಪೋಣಿಸುವುದು. ಗಂಟೆಗಟ್ಟಲೆ ಕಟ್ಟಿಗೆ ಉರಿಸಿ ಕಾಯಿಸಿದ, ಕಲ್ಲುಕಟ್ಟಿದ ಆಳದ ಗುಂಡಿಗಳಿಗೆ ಅವನ್ನು ಇಳಿಸಿ, ಮೇಲೆ ಜಾಲರಿ, ಗೋಣಿ, ಒದ್ದೆಮಣ್ಣು ಮೆತ್ತಿ ಮುಚ್ಚುತ್ತಾರೆ. ಮಣ್ಣಿನಲ್ಲಿ ಬಿರುಕಿದ್ದರೆ ಗಾಳಿ ಹೊಕ್ಕು ಒಳಗೆ ಜ್ವಾಲೆಯೆದ್ದು ಮಾಂಸ ಕರಕಲಾಗುತ್ತದೆ, ಅದಕ್ಕಾಗಿ ಹೊಗೆ ಇಣುಕಿದ ಕಡೆಯೆಲ್ಲ ಮಣ್ಣು ತಟ್ಟುತ್ತಲೇ ಇರುತ್ತಾರೆ. ನಡುರಾತ್ರಿಯ ಹೊತ್ತಿಗೆ ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪಿನ ಜೊತೆ ಅವಸರವಾಗಿ ಊಟ. ಬೆಳಗಾಗುವುದರೊಳಗೆ ಉಳಿದದ್ದೆಲ್ಲ ಬೆಂಕಿಗೆ. ನೋಡಲು ಬಂದವರಿಗೆ ಇದರಲ್ಲಿ ಒಂದು ತುಣುಕೂ ಇಲ್ಲ. ಪರರು ಯಾರೂ ಪಸ್ಕವನ್ನು ತಿನ್ನಬಾರದೆಂದು ಅದೇ ಅಧ್ಯಾಯದ 43ನೇ ವಚನ ಹೇಳುತ್ತದೆ. ಗೆರಿಜ್ಜೀಮಿನ ಮೇಲೆ ಬೇಲಿಯ ಒಳಗಿರುವವರು ಸಮಾರ್ಯದವರು, ಹೊರಗಿರುವ ಅನ್ಯಜನರು ಉಳಿದ ನಾವೆಲ್ಲ.

ಐದನೆಯ ದಿನ, ಗುರುವಾರ: ಸೆಬಾಸ್ತಿಯಾ

ನಾಬ್ಲುಸ್‌ನ ವಾಯವ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಅರಸ ಒಮ್ರಿ ಶೆಮೆರನಿಂದ ಎರಡು ತಲಾಂತು ಬೆಳ್ಳಿಗೆ ಕೊಂಡ ಗುಡ್ಡ ಇದು, ಮಾರಿದವನ ಹೆಸರಿನಿಂದ ಶೋಮ್ರೊನ್, ಅಂದರೆ ಸಮಾರ್ಯ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಸಮಾರ್ಯ ಪಟ್ಟಣದವರೆಲ್ಲ ಸಮಾರ್ಯದವರು ಎಂದುಕೊಳ್ಳುತ್ತಾರೆ. ಅಲೆಕ್ಸಾಂಡರನ ಕಾಲದ ದಂಗೆಯ ನಂತರ ಇಲ್ಲಿ ಮಕೆದೋನ್ಯದವರು ನೆಲೆಸಿದರು. ಹೆರೋದನು ಚಕ್ರವರ್ತಿ ಔಗುಸ್ತನ ಗೌರವಕ್ಕೆ ಊರಿಗೆ ಸೆಬಾಸ್ತೆ ಎಂದು ಹೆಸರಿಟ್ಟು 6000 ಮಂದಿಯನ್ನು ತಂದು ಕೂರಿಸಿ, ಅದೇ ಚಕ್ರವರ್ತಿಗೆ ಗುಡಿ ಕಟ್ಟಿಸಿದ. ಅಗಲವಾದ ಮೆಟ್ಟಿಲ ಸಾಲು ಈಗಲೂ ನಿಂತಿದೆ. ಯೇಸುವಿನ ಕಾಲದಲ್ಲಿ ಸಮಾರ್ಯ ಪಟ್ಟಣ ಬಹುಮಟ್ಟಿಗೆ ಅನ್ಯಜನರ ಊರು, ಸಮಾರ್ಯ ಜನರ ಹೃದಯ ಗೆರಿಜ್ಜೀಮ್. ಹೆಸರು ಊರಿನದು, ಜನ ಬೆಟ್ಟದವರು.

ಎರಡು ಗಂಟೆ ಸಾಕು. ಪ್ಯಾಲೆಸ್ಟೀನ್ ನಂಬರಿನ ಟ್ಯಾಕ್ಸಿ ಇಸ್ರೇಲಿನೊಳಗೆ ಹೋಗಲಾಗದು, ಹಾಗಾಗಿ ಬಂದ ದಾರಿಯಲ್ಲೇ ಯೆರೂಸಲೇಮಿಗೆ ಮರಳಿ, ಅಲ್ಲಿಂದ ರೈಲಿನಲ್ಲಿ ಟೆಲ್ ಅವೀವ್ ಸೇರಿ ಮಲಗುವುದು.

ಆರನೆಯ ದಿನ, ಶುಕ್ರವಾರ: ಕೈಸರೈಯ, ಹೋಲೋನ್

ಶುಕ್ರವಾರ ಮಧ್ಯಾಹ್ನದ ನಂತರ ರೈಲು ನಿಲ್ಲುತ್ತದೆ, ಮುಂಜಾನೆಯ ಗಾಡಿಯನ್ನೇ ಹಿಡಿಯಬೇಕು. ಕೈಸರೈಯ ನಿಲ್ದಾಣದಿಂದ ಬಂದರಿಗೆ ನಡೆಯುವಷ್ಟು ಹತ್ತಿರವಿಲ್ಲ, ಟ್ಯಾಕ್ಸಿ ಬೇಕು. ಹೆರೋದನ ಬಂದರು, ರಂಗಮಂದಿರ, 1961ರಲ್ಲಿ ಸಿಕ್ಕ, ರೋಮಿನ ಅಧಿಪತಿ ಪಿಲಾತನ ಹೆಸರಿನ ಕಲ್ಲಿನ ಪ್ರತಿ (ಮೂಲ ಇರುವುದು ಮೊದಲ ದಿನ ನೋಡಿದ ಮ್ಯೂಸಿಯಮ್ಮಿನಲ್ಲೇ). ಇಟಲಿಯ ಪಟಾಲಮ್ಮಿನ ಶತಾಧಿಪತಿ ಕೊರ್ನೇಲ್ಯ ಇದ್ದ ಊರು. ಪೇತ್ರ ಯೊಪ್ಪದಿಂದ ಹೊರಟು ಮರುದಿನ ತಲುಪಿ, ಅನ್ಯಕುಲದವನ ಮನೆಗೆ ಬರುವುದು ಯೆಹೂದ್ಯನಿಗೆ ಸಲ್ಲದು ಎಂದು ಹೊಸಿಲಲ್ಲೇ ಹೇಳಿಕೊಳ್ಳುತ್ತಾನೆ.

ಅಪೊಸ್ತಲರ ಕೃತ್ಯಗಳ ಅಧ್ಯಾಯಗಳನ್ನು ಇಲ್ಲಿ ಸಾಲಾಗಿ ಇಟ್ಟು ಓದಿದರೆ ಇಡೀ ಪ್ರಶ್ನೆ ಬಿಡಿಸಿಕೊಳ್ಳುತ್ತದೆ. 8ನೇ ಅಧ್ಯಾಯದಲ್ಲಿ ಫಿಲಿಪ್ಪ ಸಮಾರ್ಯದಲ್ಲಿ ದೀಕ್ಷಾಸ್ನಾನ ಕೊಡುತ್ತಾನೆ, ಇದೇ ಪೇತ್ರ ಅಲ್ಲಿಗೆ ಹೋಗಿ ಕೈಯಿಟ್ಟು ಪ್ರಾರ್ಥಿಸಿ, ಹಿಂತಿರುಗುವಾಗ ಸಮಾರ್ಯದವರ ಅನೇಕ ಹಳ್ಳಿಗಳಲ್ಲಿ ಸಾರುತ್ತಾನೆ. ಯೆರೂಸಲೇಮಿನಲ್ಲಿ ಯಾರೂ ಸೊಲ್ಲೆತ್ತುವುದಿಲ್ಲ. ಕೊರ್ನೇಲ್ಯನ ಮನೆಯಲ್ಲಿ ಉಂಡು ಬಂದಾಗ ಮಾತ್ರ, 11ನೇ ಅಧ್ಯಾಯದಲ್ಲಿ, ಸುನ್ನತಿಯಿಲ್ಲದವರ ಸಂಗಡ ಊಟಮಾಡಿದೆಯಲ್ಲಾ ಎಂದು ತಗಾದೆ ಏಳುತ್ತದೆ. ಕಾರಣ ಸರಳ: ಸಮಾರ್ಯದ ಗಂಡುಮಗುವಿಗೆ ಎಂಟನೆಯ ದಿನವೇ ಸುನ್ನತಿಯಾಗಿರುತ್ತದೆ, ಇಂದಿಗೂ ಆಗುತ್ತದೆ. 15ನೇ ಅಧ್ಯಾಯದ ಸಭೆ ಅನ್ಯಜನರಿಗೆ ನಾಲ್ಕು ಕಟ್ಟಳೆ ಹಾಕಿತು: ವಿಗ್ರಹದ ಮೈಲಿಗೆ, ಹಾದರ, ಕುತ್ತಿಗೆ ಹಿಸುಕಿ ಕೊಂದದ್ದು, ರಕ್ತ. ಸಮಾರ್ಯದವರು ಇವನ್ನು ಮೋಶೆಯ ಕಾಲದಿಂದ ಬಂದದ್ದೆಂದು ಮೊದಲೇ ಪಾಲಿಸುತ್ತಿದ್ದರು.

ರಬ್ಬಿಗಳ ಶಾಸ್ತ್ರದಲ್ಲೂ ಇದೇ ಗೆರೆ. ಅವರ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಶ್ನಾದ ಬೆರಾಖೋಟ್ 7:1ರಂತೆ ಊಟದ ನಂತರದ ಸ್ತುತಿಗೆ ಬೇಕಾದ ಮೂವರಲ್ಲಿ ಕೂತಿಯನ್ನು, ಅಂದರೆ ಸಮಾರ್ಯದವನನ್ನು, ಎಣಿಸಬಹುದು, ಅನ್ಯಜನನನ್ನು ಎಣಿಸುವಂತಿಲ್ಲ. ಆದರೆ ಕೂತಿಯ ಆಶೀರ್ವಾದಕ್ಕೆ ಆಮೆನ್ ಎನ್ನಬೇಕಾದರೆ ಪೂರ್ತಿ ಕೇಳಿಸಿಕೊಂಡಿರಬೇಕು, ನಡುವೆ ಗೆರಿಜ್ಜೀಮಿನ ಹೆಸರು ತೂರಿಸಿದರೆ ಎಂಬ ಅನುಮಾನ. ಕೂತಿಮರ ಕುರಿತಾದ ಚಿಕ್ಕ ಗ್ರಂಥವೊಂದು ಅವರ ರೀತಿ ಕೆಲವೊಮ್ಮೆ ಅನ್ಯಜನರಂತೆ, ಕೆಲವೊಮ್ಮೆ ಇಸ್ರಾಯೇಲರಂತೆ, ಹೆಚ್ಚಾಗಿ ಇಸ್ರಾಯೇಲರಂತೆ ಎಂದು ಆರಂಭವಾಗುತ್ತದೆ. ಗೆರಿಜ್ಜೀಮನ್ನು ಬಿಟ್ಟು ಯೆರೂಸಲೇಮನ್ನೂ ಸತ್ತವರ ಪುನರುತ್ಥಾನವನ್ನೂ ಒಪ್ಪಿದ ದಿನ ಅವರನ್ನು ಸೇರಿಸಿಕೊಳ್ಳಬಹುದು ಎಂದು ಮುಗಿಯುತ್ತದೆ. ಅವರನ್ನು ಪೂರಾ ಅನ್ಯಜನರಂತೆ ಕಾಣಬೇಕೆಂಬ ತೀರ್ಮಾನ, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಕಾಲದಲ್ಲಿ ನಿಧಾನವಾಗಿ ಗಟ್ಟಿಯಾದದ್ದು.

ಮಧ್ಯಾಹ್ನ ಟೆಲ್ ಅವೀವ್‌ಗೆ ಮರಳಿ, ದಕ್ಷಿಣಕ್ಕಿರುವ ಹೋಲೋನ್. 1950ರ ದಶಕದಲ್ಲಿ, ಇಸ್ರೇಲಿನ ಎರಡನೆಯ ಅಧ್ಯಕ್ಷ ಬೆನ್ ಜ್ವಿಯ ಬೆಂಬಲದಿಂದ ಸಮಾರ್ಯದವರಿಗೆ ಇಲ್ಲೊಂದು ಬಡಾವಣೆಯಾಯಿತು. ಹೊರಗಿನಿಂದ ಬಂದ ಹೆಂಗಸರು, ಮೊದಲು ಯೆಹೂದ್ಯರು, ಇತ್ತೀಚೆಗೆ ಉಕ್ರೇನಿನವರು, ನಿಯಮಗಳನ್ನು ಪಾಲಿಸುತ್ತೇವೆಂದು ಒಪ್ಪಿ ಮದುವೆಯಾಗಿ ಸಮಾರ್ಯದವರಾಗಿದ್ದಾರೆ. ಅನ್ಯಜನ ಎಂಬ ಹೆಸರು ಕಳಚುವ ದಾರಿ ಇಲ್ಲಿ ಮದುವೆಯ ಮನೆಯ ಮೂಲಕ ಹಾಯುತ್ತದೆ.

ಇದು ಜನವಸತಿ, ಸಂಗ್ರಹಾಲಯವಲ್ಲ. ಕೇಳದೆ ಫೋಟೊ ತೆಗೆಯಬಾರದು. ಬಾಗಿಲುಗಳ ಬಳಿ ಯೆಹೂದ್ಯರು ವಚನ ಬರೆದಿಟ್ಟು ಬಾಗಿಲಿಗೆ ಹೊಡೆಯುವ ಚಿಕ್ಕ ಕೊಳವೆಯ ಬದಲು ವಚನ ಕೆತ್ತಿದ ಕಲ್ಲಿನ ಫಲಕ ಕಾಣುತ್ತದೆ. ಭಾಷೆ ಹೀಬ್ರೂವೇ, ಲಿಪಿ ಹಳೆಯದು. ಪಕ್ಕದ ಬೀದಿಯ ಯೆಹೂದ್ಯ ಅದರ ಮುಂದೆ ಹಲ್ಮಿಡಿ ಶಾಸನದ ಮುಂದೆ ನಿಂತ ಕನ್ನಡಿಗನಂತೆಯೇ, ಮಾತು ತನ್ನದು, ಅಕ್ಷರ ಓದಲು ಬಾರದು. ಸೂರ್ಯ ಮುಳುಗುವ ಮೊದಲು ಗಂಡಸರು ಉದ್ದನೆಯ ನಿಲುವಂಗಿ ತೊಟ್ಟು ಸಭಾಮಂದಿರಕ್ಕೆ ಬರುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು, ಜಮಖಾನದ ಮೇಲೆ ಗೆರಿಜ್ಜೀಮ್ ಇರುವ ಈಶಾನ್ಯ ದಿಕ್ಕಿಗೆ ಮುಖಮಾಡಿ ಸಾಷ್ಟಾಂಗ ಬೀಳುತ್ತಾರೆ. ಅಷ್ಟು ಹೊತ್ತಿಗೆ ಬಸ್ಸುಗಳು ನಿಂತಿರುತ್ತವೆ, ಮರಳಲು ಟ್ಯಾಕ್ಸಿಯನ್ನು ಮೊದಲೇ ಹೇಳಿಟ್ಟಿರಬೇಕು.